ರೇಡಿಯೇಷನ್ನಿಗೆ ಮುಂಚಿನ ದಿನಗಳು



ನಮ್ಮ ಹಳ್ಳಿಗಳಲ್ಲಿ ಕ್ಯಾನ್ಸರ್ ಎಂಬ ಪದವನ್ನು ಗಟ್ಟಿಯಾಗಿ ಆಡುವವರು ಇಂದಿಗೂ ಕಡಿಮೆ. 'ದೊಡ್ಡ ಬ್ಯಾನಿ' ಎನ್ನುತ್ತೇವೆ, 'ಗಂಟು' ಎನ್ನುತ್ತೇವೆ, ಇಲ್ಲವೇ ಸುಮ್ಮನೆ 'ಅದು' ಎಂದು ತಲೆ ತಗ್ಗಿಸುತ್ತೇವೆ. ವೈದ್ಯರು ರಿಪೋರ್ಟ್ ನೋಡಿ ಆ ಪದವನ್ನು ಹೇಳಿದ ಮೇಲೆ ಅವರ ಮುಂದಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಯಾವ ಪರೀಕ್ಷೆ ಬಾಕಿ ಇದೆ, ಎಷ್ಟು ವಾರ ರೇಡಿಯೇಷನ್, ಮತ್ತೆ ಯಾವ ತಾರೀಖಿಗೆ ಬರಬೇಕು ಎಂಬುದೆಲ್ಲ ಗಾಳಿಗೆ ಹೋಗುತ್ತದೆ. ಮಿರಜದಿಂದ ಜತ್ತಕ್ಕೆ, ಜತ್ತದಿಂದ ಸನಮಡಿಗೆ ಬರುವ ಬಸ್ಸಿನಲ್ಲಿ ಇಡೀ ಮನೆ ಮೌನವಾಗಿ ಕುಳಿತಿರುತ್ತದೆ.

ಈ ತಿಂಗಳು ನಾನು ಹೇಳಬೇಕೆಂದಿರುವುದು ಆ ದಿನಕ್ಕೂ ರೇಡಿಯೇಷನ್ನಿನ ಮೊದಲ ದಿನಕ್ಕೂ ನಡುವೆ ಸಿಗುವ ದಿನಗಳ ಬಗ್ಗೆ. ಸಾಮಾನ್ಯವಾಗಿ ಎರಡು-ಮೂರು ವಾರ ಸಿಗುತ್ತವೆ. ಅಳು ಬರುತ್ತದೆ, ಅಳಬೇಕು. ಆದರೆ ಆ ದಿನಗಳೆಲ್ಲ ಅಳುವಿನಲ್ಲೇ ಕಳೆದರೆ ಮನೆ ಸಿದ್ಧವಿಲ್ಲದೆ ಚಿಕಿತ್ಸೆಗೆ ಹೊರಡುತ್ತದೆ, ಅರ್ಧ ದಾರಿಯಲ್ಲಿ ಕೈಚೆಲ್ಲುತ್ತದೆ. ರೇಡಿಯೇಷನ್ ಆರಂಭಿಸಿದರೆ ಸಾಲದು, ನಡುವೆ ಬಿಡದೆ ಮುಗಿಸಬೇಕು. ಮುಗಿಸುವ ಶಕ್ತಿ ಈ ದಿನಗಳ ತಯಾರಿಯಿಂದ ಬರುತ್ತದೆ.

ಇದು ಶಿಕ್ಷೆಯಲ್ಲ

ರೋಗ ಬಂದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, "ನಾವು ಯಾರಿಗೆ ಏನು ಅನ್ಯಾಯ ಮಾಡಿದ್ವಿ?" ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಯೇಸುಸ್ವಾಮಿಗೆ ಇಂಥದ್ದೇ ಪ್ರಶ್ನೆ ಕೇಳಿದ್ದರು. ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ ಎಂಬ ಆ ಲೆಕ್ಕವನ್ನೇ ಪ್ರಭು ತಳ್ಳಿಹಾಕಿದರು. ನಾವೂ ತಳ್ಳಿಹಾಕೋಣ.

ನಮ್ಮ ಸಾಂಗ್ಲಿ ಜಿಲ್ಲೆಯವರೇ ಆದ ಆರ್.ಆರ್. ಪಾಟೀಲರನ್ನು, ಜನರ ಪ್ರೀತಿಯ 'ಆಬಾ' ಅವರನ್ನು, ಅರಿಯದವರು ಇಲ್ಲಿ ಯಾರು? ತಾಸಗಾಂವ ತಾಲೂಕಿನ ಅಂಜನಿ ಗ್ರಾಮದಿಂದ ಬಂದು ರಾಜ್ಯದ ಗೃಹಮಂತ್ರಿಯಾದವರು. ಬಾಯಿಯ ಕ್ಯಾನ್ಸರಿನಿಂದ 2015ರ ಫೆಬ್ರುವರಿ 16ರಂದು ಮುಂಬೈಯಲ್ಲಿ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಶರದ್ ಪವಾರರಿಗೂ 2004ರಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ ಆಯಿತು, 36 ಬಾರಿ ರೇಡಿಯೇಷನ್ ಆಯಿತು. ಮಂತ್ರಿಯಾಗಿ ಬೆಳಗಿನ ಕೆಲಸ ಮುಗಿಸಿ ಮಧ್ಯಾಹ್ನ ಆಸ್ಪತ್ರೆಗೆ ಹೋಗುತ್ತಿದ್ದುದನ್ನೂ, ನೋವು ತಿಂದುದನ್ನೂ, ತಂಬಾಕಿನ ಚಟವೇ ಅದಕ್ಕೆ ಕಾರಣವೆಂಬುದನ್ನೂ ಅವರು ಬಹಿರಂಗವಾಗಿ ಹೇಳಿದ್ದಾರೆ. ಇಪ್ಪತ್ತು ವರ್ಷಗಳ ನಂತರ, 2024ರ ಚುನಾವಣೆಯಲ್ಲೂ ಅವರು ಊರೂರು ತಿರುಗಿದರು. ಒಬ್ಬರು ಉಳಿದರು, ಒಬ್ಬರು ಹೋದರು. ಇದರಲ್ಲಿ ಒಬ್ಬರ ಪುಣ್ಯವನ್ನೋ ಇನ್ನೊಬ್ಬರ ಪಾಪವನ್ನೋ ಹುಡುಕುವುದು ನಮ್ಮ ಕೆಲಸವಲ್ಲ. ರೋಗ ಯಾವ ಹಂತದಲ್ಲಿ ಸಿಕ್ಕಿತು, ಅದರ ಸ್ವಭಾವ ಎಂಥದ್ದು ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ.

ಇದು ಅಂಟುರೋಗವೂ ಅಲ್ಲ. ರೋಗಿಯ ತಾಟು-ತಂಬಿಗೆ ಬೇರೆ ಮಾಡಬೇಡಿ. ಮೊಮ್ಮಕ್ಕಳನ್ನು ದೂರ ಇಡಬೇಡಿ.

ರೋಗಿಗೆ ಹೇಳಬೇಕೇ?

"ಫಾದರ್, ಅವ್ವಗ ಹೇಳಬ್ಯಾಡ್ರಿ. ಆಕಿ ಎದಿ ಒಡಕೊಂಡ ಬಿಡ್ತಾಳ" ಎಂದು ಮಕ್ಕಳು ಅಂಗಳದಲ್ಲೇ ತಡೆದು ಹೇಳುವುದುಂಟು. ಒಳಗೆ ಹೋದರೆ ಆ ತಾಯಿ ಮೆಲ್ಲಗೆ, "ನನಗ ಗೊತ್ತೈತ್ರಿ ಫಾದರ್, ಹುಡುಗರಿಗೆ ಹೇಳಬ್ಯಾಡ್ರಿ" ಅನ್ನುತ್ತಾಳೆ. ಹೀಗೆ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಎಲ್ಲರೂ ಒಂಟಿಯಾಗುತ್ತಾರೆ.

ರೇಡಿಯೇಷನ್ ಎಂಬುದು ಮುಚ್ಚಿಟ್ಟು ಮಾಡಿಸುವ ಚಿಕಿತ್ಸೆಯಲ್ಲ. ಚರ್ಮದ ಮೇಲೆ ಗುರುತು ಹಾಕುತ್ತಾರೆ, ವಾರಗಟ್ಟಲೆ ದಿನಾಲೂ ಕರೆಯುತ್ತಾರೆ. ಏಕೆಂದು ತಿಳಿಯದವರು ಮೂರನೆಯ ವಾರ ಬಾಯಿ ಹುಣ್ಣಾದಾಗ, "ಸಾಕು, ಮನಿಗೆ ಹೋಗೂಣು" ಎನ್ನುತ್ತಾರೆ. ತಿಳಿದವರು ಹಲ್ಲು ಕಚ್ಚಿ ಸಹಿಸುತ್ತಾರೆ. ಆದ್ದರಿಂದ ಸತ್ಯವನ್ನು ಪ್ರೀತಿಯಿಂದ, ಅವರು ಕೇಳಿದಷ್ಟು, ಹಂತಹಂತವಾಗಿ ಹೇಳಿ. ಮನೆಯಲ್ಲಿ ಅವರಿಗೆ ಹತ್ತಿರದವರು ಒಬ್ಬರು ಪಕ್ಕದಲ್ಲಿ ಕುಳಿತು, ಕೈ ಹಿಡಿದು ಹೇಳಲಿ. "ರೋಗ ಇಂಥದ್ದು, ಚಿಕಿತ್ಸೆ ಐತಿ, ನಾವು ಎಲ್ಲಾರೂ ನಿನ್ನ ಜೋಡಿ ಇದ್ದೀವಿ" ಎಂದರೆ ಆರಂಭಕ್ಕೆ ಸಾಕು. ವೈದ್ಯರ ಉದ್ದೇಶ ರೋಗ ಗುಣಪಡಿಸುವುದೋ, ನೋವು ಕಡಿಮೆ ಮಾಡುವುದೋ ಎಂಬುದನ್ನೂ ಮನೆಯವರು ನೇರವಾಗಿ ಕೇಳಿ ತಿಳಿದುಕೊಳ್ಳಬೇಕು. ಎರಡಕ್ಕೂ ರೇಡಿಯೇಷನ್ ಕೊಡುತ್ತಾರೆ.

'ಕರೆಂಟ್' ಎಂದರೇನು?

ನಮ್ಮ ಜನ ರೇಡಿಯೇಷನ್ನಿಗೆ 'ಕರೆಂಟ್ ಕೊಡೂದು', 'ಲೈಟ್ ಕೊಡೂದು' ಎನ್ನುತ್ತಾರೆ. ಕರೆಂಟ್ ಎಂದೊಡನೆ ಶಾಕ್ ಹೊಡೆಯುತ್ತದೆ, ಮೈ ಸುಡುತ್ತದೆ ಎಂಬ ಭಯ. ವಾಸ್ತವವಾಗಿ ಇದು 1895ರಲ್ಲಿ ಜರ್ಮನಿಯ ರಾಂಟ್ಜೆನ್ ಕಂಡುಹಿಡಿದ ಎಕ್ಸ್-ರೇ ಕಿರಣದ ಬಲವಾದ ರೂಪ. ಕೈ ಮುರಿದಾಗ ಎಕ್ಸ್-ರೇ ತೆಗೆಯುವುದು ನಮಗೆ ತಿಳಿಯುತ್ತದೆಯೇ? ಇದೂ ಹಾಗೆಯೇ. ರೋಗಿ ಮೇಜಿನ ಮೇಲೆ ಅಲುಗಾಡದೆ ಮಲಗುತ್ತಾರೆ, ಯಂತ್ರ ಸುತ್ತ ತಿರುಗುತ್ತದೆ, ಮೈಗೆ ತಾಗುವುದಿಲ್ಲ. ಮಲಗಿಸಿ ಸರಿಹೊಂದಿಸುವುದೂ ಸೇರಿ ಹೆಚ್ಚಾಗಿ ಹತ್ತು-ಹದಿನೈದು ನಿಮಿಷ. ಆ ಹೊತ್ತು ಕೋಣೆಯಲ್ಲಿ ಒಬ್ಬರೇ ಇರಬೇಕು, ಆದರೆ ಸಿಬ್ಬಂದಿ ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಕೈ ಎತ್ತಿದರೆ ಯಂತ್ರ ನಿಲ್ಲಿಸಿ ಒಳಗೆ ಬರುತ್ತಾರೆ.

ಹೊರಗಿನ ಯಂತ್ರದಿಂದ ಕೊಡುವ ಈ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದು ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಕೂದಲು ಉದುರುವುದು ಕಿರಣ ಬಿದ್ದ ಜಾಗದಲ್ಲಿ ಮಾತ್ರ.

ಮೊದಲ ದಿನಕ್ಕೆ ಮುಂಚೆ ಒಮ್ಮೆ ಅಥವಾ ಎರಡು ಸಲ ಅಳತೆಗೆ ಕರೆಯುತ್ತಾರೆ. ಸಿ.ಟಿ. ಸ್ಕ್ಯಾನ್ ಮಾಡಿ ಕಿರಣ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂದು ಲೆಕ್ಕ ಹಾಕುತ್ತಾರೆ. ಚರ್ಮದ ಮೇಲೆ ಹಾಕಿದ ಗುರುತನ್ನು ಉಜ್ಜಿ ತೊಳೆಯಬೇಡಿ. ಬಾಯಿ, ಗಂಟಲಿನ ರೋಗಿಗೆ ಮುಖದ ಅಳತೆಯ ಪ್ಲಾಸ್ಟಿಕ್ ಮುಖವಾಡ ಮಾಡುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾದ ಜಾಲರಿಯನ್ನು ಮುಖದ ಮೇಲೆ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಉಸಿರಾಟಕ್ಕೆ ತೊಂದರೆಯಿಲ್ಲ. ಆದರೂ ಮುಂಚೆ ತಿಳಿಯದಿದ್ದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರುವವರಿದ್ದಾರೆ. ಆದ್ದರಿಂದಲೇ ಇಲ್ಲಿ ಬರೆದಿದ್ದೇನೆ. ಭಯವಾದರೆ ಸಿಬ್ಬಂದಿಗೆ ಹೇಳಿ.

ಮನೆಯಲ್ಲಿ ಮಾಡಬೇಕಾದ ತಯಾರಿ

ಮೊದಲನೆಯದು ಹಲ್ಲು. ಬಾಯಿ-ಗಂಟಲಿನ ರೇಡಿಯೇಷನ್ನಿಗೆ ಮುಂಚೆ ದಂತವೈದ್ಯರಿಗೆ ತೋರಿಸಲೇಬೇಕು. ಹುಳುಕು ಹಲ್ಲು ಕೀಳುವುದಿದ್ದರೆ ಈಗಲೇ ಕೀಳಿಸಿ, ಗಾಯ ಮಾಯಲು ಸುಮಾರು ಎರಡು ವಾರ ಬೇಕು. ಚಿಕಿತ್ಸೆಯ ನಂತರ ಹಲ್ಲು ಕೀಳಿಸಿದರೆ ದವಡೆಯ ಮೂಳೆಯೇ ಕೊಳೆಯುವ ಅಪಾಯವಿದೆ.

ಎರಡನೆಯದು ತಂಬಾಕು. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿವೆ. ಆದರೂ ಗಡಿಯ ಎರಡೂ ಕಡೆ ಅದು ಸಿಗುತ್ತದೆಂಬುದು ನಮಗೆಲ್ಲ ಗೊತ್ತು. ತಾಯಂದಿರು ಹಲ್ಲಿಗೆ ತಿಕ್ಕುವ ಮಿಶ್ರಿಯೂ ತಂಬಾಕೇ. "ಬಂದದ್ದು ಬಂತು, ಇನ್ನು ಬಿಟ್ಟರೇನು" ಎನ್ನಬೇಡಿ. ಬೀಡಿ-ಸಿಗರೇಟು ಮುಂದುವರಿಸಿದರೆ ರೇಡಿಯೇಷನ್ನಿನ ಪರಿಣಾಮ ತಗ್ಗುತ್ತದೆ. ತಂಬಾಕು ಯಾವುದೇ ಇರಲಿ, ಬಾಯಿಯ ಹುಣ್ಣನ್ನು ಕೆರಳಿಸುತ್ತದೆ. ರೋಗಿಯ ಮುಂದೆ ಮನೆಯ ಉಳಿದವರೂ ಚೀಟು ಬಿಚ್ಚದಿರಲಿ.

ಮೂರನೆಯದು ಊಟ. ಎರಡು-ಮೂರನೆಯ ವಾರದಿಂದ ಆಯಾಸ, ಚರ್ಮ ಕಪ್ಪಾಗುವುದು, ಬಾಯಿಯ ರೋಗಿಗೆ ಹುಣ್ಣು ಶುರುವಾಗುತ್ತವೆ. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಇದ್ದು ಆಮೇಲೆ ಇಳಿಯುತ್ತವೆ. ಆ ಹೊತ್ತಿಗೆ ಮೈಯಲ್ಲಿ ಶಕ್ತಿ ಕೂಡಿರಬೇಕು. ಹಾಲು, ಮೊಟ್ಟೆ, ಬೇಳೆ, ಶೇಂಗಾ ಈಗಿನಿಂದಲೇ ಕೊಡಿ. ಖಾರದ ಚಟ್ನಿ, ಕಟಕು ರೊಟ್ಟಿ ನುಂಗಲಾಗದಾಗ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಬಹುದು, ಅಂಬಲಿ, ಮೆತ್ತನೆಯ ಅನ್ನ ಕೊಡಬಹುದು. ಅದೂ ಆಗದಿದ್ದರೆ ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಾರೆ. ನಳಿಕೆ ಹಾಕಿದರೆಂದು ಆಸೆ ಬಿಡಬೇಡಿ. ಊಟ ನಿಂತು ಚಿಕಿತ್ಸೆ ತಪ್ಪದಿರಲೆಂದೇ ಅದನ್ನು ಹಾಕುವುದು.

ಕಿರಣ ಬೀಳುವ ಜಾಗಕ್ಕೆ ಅರಿಶಿನ, ಎಣ್ಣೆ, ಬಾಮು, ನಾಟಿ ಲೇಪ ಯಾವುದನ್ನೂ ಕೇಳದೆ ಹಚ್ಚಬೇಡಿ. ಸಡಿಲ ಹತ್ತಿಬಟ್ಟೆ ಸಾಕು. ಸಕ್ಕರೆ ಕಾಯಿಲೆ, ಎದೆಯಲ್ಲಿ ಪೇಸ್‌ಮೇಕರ್, ಗರ್ಭಿಣಿಯಾಗಿರುವ ಸಾಧ್ಯತೆ, ಬೇರೆ ಕಡೆಯ ಔಷಧಿ ಇದ್ದರೆ ಮೊದಲೇ ತಿಳಿಸಿ.

ಎಲ್ಲಿಗೆ, ಯಾರ ಜೊತೆ, ಯಾವ ದುಡ್ಡಿನಲ್ಲಿ?

ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನ. ಬಾಯಿ-ಗಂಟಲಿಗೆ ಆರೇಳು ವಾರ, ಸ್ತನಕ್ಕೆ ಹೆಚ್ಚಾಗಿ ಮೂರರಿಂದ ಐದು ವಾರ, ಗರ್ಭಕೊರಳಿಗೆ ಐದು ವಾರ ಮತ್ತು ಅದರ ಜೊತೆಗೆ ಒಳಗಿನಿಂದ ಕೊಡುವ ಚಿಕಿತ್ಸೆ. ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಉದ್ದವಾದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಶೇಕಡಾ 1ರಷ್ಟು ಅಥವಾ ಸ್ವಲ್ಪ ಹೆಚ್ಚು ಕುಗ್ಗುತ್ತದೆಂದು ಅಧ್ಯಯನಗಳು ಹೇಳುತ್ತವೆ. ವಾರಗಟ್ಟಲೆ ಬಿಟ್ಟು ಮತ್ತೆ ಹೋದರೆ ಏನಾಗಬಹುದೆಂದು ನೀವೇ ಲೆಕ್ಕ ಹಾಕಿ. ಅನಿವಾರ್ಯವಾಗಿ ಒಂದು ದಿನ ತಪ್ಪಿದರೆ ಅಂದೇ ತಿಳಿಸಿ, ವೈದ್ಯರು ಸರಿದೂಗಿಸಲು ನೋಡುತ್ತಾರೆ.

ಕೆನಡಾದಿಂದ ಬಂದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ಗಡಿಯ ಎರಡೂ ಕಡೆಯ ರೋಗಿಗಳಿಗೆ ಮಿರಜದ ದಾರಿ ಪರಿಚಿತ. ಇಂದು ಅಲ್ಲಿ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ ಇದೆ. ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇವೆ. ದಿನಾಲೂ ಹೋಗಬೇಕಾದ ಚಿಕಿತ್ಸೆಯಾದ್ದರಿಂದ ಆಸ್ಪತ್ರೆಯ ಹೆಸರಿನಷ್ಟೇ, ಅಲ್ಲಿ ತಂಗಲು ಜಾಗ, ಊಟ, ನಮ್ಮ ಮಾತು ಬಲ್ಲವರು ಇದ್ದಾರೆಯೇ ಎಂಬುದನ್ನೂ ನೋಡಬೇಕು.

ನಾವು ಆಡುವುದು ಕನ್ನಡ, ನಮ್ಮ ರೇಷನ್ ಕಾರ್ಡು ಮಹಾರಾಷ್ಟ್ರದ್ದು. ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಸೇರಿದೆ. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ 'ಆರೋಗ್ಯಮಿತ್ರ' ಎಂಬವರು ಕುಳಿತಿರುತ್ತಾರೆ, ಮೊದಲು ಅವರನ್ನು ಕಾಣಿ. ಹುಬ್ಬಳ್ಳಿ-ಬೆಂಗಳೂರಿಗೆ ಹೋಗುವುದಿದ್ದರೆ ಆಯುಷ್ಮಾನ್ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುಂಚೆ ಕೇಳಿಕೊಳ್ಳಿ. ಆಧಾರ್‌ ಮತ್ತು ರೇಷನ್ ಕಾರ್ಡಿನ ಹೆಸರು ಹೊಂದದಿದ್ದರೆ ಈ ದಿನಗಳಲ್ಲೇ ಸರಿಪಡಿಸಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎ.ಸಿ.ಯಲ್ಲಿ ಪೂರ್ತಿ, ಜೊತೆಗಾರರೊಬ್ಬರಿಗೆ ಶೇಕಡಾ 75 ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಇನ್ನು ದುಡಿಮೆ. ಜತ್ತ ತಾಲೂಕಿನ ಎಷ್ಟೋ ಮನೆಗಳು ದಸರೆ-ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಡುತ್ತವೆ. ಮುಕಾದಮನಿಂದ ಮುಂಗಡ ತೆಗೆದುಕೊಂಡಾಗಿರುತ್ತದೆ. ಗಂಡ-ಹೆಂಡತಿ ಜೋಡಿಯಾಗಿ ಮಾಡುವ ಕೆಲಸವದು. ಅವರಲ್ಲಿ ಒಬ್ಬರಿಗೆ ರೋಗ ಬಂದರೆ, "ಹಂಗಾಮು ಮುಗಿಲಿ, ಆಮ್ಯಾಲೆ ನೋಡೂಣು" ಎನ್ನುವುದು ಅವರ ಅಜ್ಞಾನವಲ್ಲ, ಸಾಲದ ಹೆದರಿಕೆ. ಆದರೆ ಹಂಗಾಮು ಮುಗಿಯಲು ನಾಲ್ಕೈದು ತಿಂಗಳು ಬೇಕು, ರೋಗ ಅಲ್ಲಿಯ ತನಕ ಕಾಯುವುದಿಲ್ಲ. ಇಂಥ ಮನೆಗೆ ಬುದ್ಧಿಮಾತು ಹೇಳಿ ಬರುವುದು ಸುಲಭ. ಹಿರಿಯರು ನಾಲ್ಕು ಜನ ಹೋಗಿ ಮುಕಾದಮನ ಜೊತೆ ಕುಳಿತು ಮಾತಾಡಿ, ಆ ಸಾಲಕ್ಕೆ ಒಂದು ವರ್ಷದ ಗಡುವು ಕೇಳಿದರೆ ಆ ಮನೆಗೆ ನಿಜವಾಗಿ ಸಹಾಯವಾಗುತ್ತದೆ.

ಶಿಲುಬೆ ಹಾದಿಯ ಐದನೆಯ ಸ್ಥಳ

ತೈಲಾಭ್ಯಂಗ ಸಂಸ್ಕಾರಕ್ಕೆ ಗುರುಗಳನ್ನು ಕರೆದರೆ ರೋಗಿ ಸಾಯುತ್ತಾರೆಂದೇ ಲೆಕ್ಕ ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದು ಕೊನೆಯುಸಿರಿನವರಿಗೆ ಮಾತ್ರವಲ್ಲ ಎಂದು ಸ್ಪಷ್ಟಪಡಿಸಿದೆ. ರೇಡಿಯೇಷನ್ ಆರಂಭಕ್ಕೆ ಮುಂಚೆ, ರೋಗಿ ಎದ್ದು ಕುಳಿತು ಪ್ರಾರ್ಥಿಸಬಲ್ಲ ದಿನಗಳಲ್ಲೇ, ಕರೆಯಿರಿ. ಪ್ರಾರ್ಥನೆ ಮಾಡುತ್ತೇವೆಂದು ಔಷಧಿ ಬಿಡುವುದು ವಿಶ್ವಾಸವಲ್ಲ. ಅರಸ ಹಿಜ್ಕೀಯನ ಕಣ್ಣೀರಿನ ಪ್ರಾರ್ಥನೆಯನ್ನು ದೇವರು ಕೇಳಿದರು. ಆದರೂ ಪ್ರವಾದಿ ಯೆಶಾಯ ಹುಣ್ಣಿಗೆ ಅಂಜೂರದ ಲೇಪ ಹಾಕಿಸಿದ್ದನ್ನು ಪವಿತ್ರ ಗ್ರಂಥ ಮರೆಯದೆ ಬರೆದಿದೆ. ಭಯಪಡುವುದೂ ಪಾಪವಲ್ಲ. ಗೆತ್ಸೆಮನೆ ತೋಪಿನಲ್ಲಿ ಪ್ರಭುವೇ ಬೆವರಿದರು.

ಶಿಲುಬೆ ಹಾದಿಯ ಐದನೆಯ ಸ್ಥಳದಲ್ಲಿ ಸಿರೇನಿನ ಸಿಮೋನ ಬರುತ್ತಾನೆ. ಅವನು ಹೊಲದಿಂದ ಮರಳುತ್ತಿದ್ದ ದಾರಿಹೋಕ. ಯೇಸುವಿನ ನೋವನ್ನು ಅವನು ತೆಗೆಯಲಾಗಲಿಲ್ಲ, ಸ್ವಲ್ಪ ದೂರ ಭಾರ ಹೊತ್ತ. ನಮ್ಮ ಧರ್ಮಕೇಂದ್ರದಲ್ಲಿ ಯಾರಿಗಾದರೂ ರೇಡಿಯೇಷನ್ ನಿಗದಿಯಾದರೆ ಆರು ಮನೆಗಳು ಮುಂದೆ ಬರಲಿ. ಒಂದೊಂದು ಮನೆಯವರು ಒಂದೊಂದು ವಾರ ರೋಗಿಯ ಜೊತೆ ಮಿರಜದಲ್ಲಿರಲಿ, ಇಲ್ಲವೇ ಇಲ್ಲಿ ಅವರ ದನಕರು, ಮಕ್ಕಳ ಶಾಲೆ ನೋಡಿಕೊಳ್ಳಲಿ. ಹೀಗೆ ಹಂಚಿಕೊಂಡರೆ ಆರು ವಾರದ ಭಾರ ಯಾರೊಬ್ಬರ ಬೆನ್ನನ್ನೂ ಮುರಿಯುವುದಿಲ್ಲ, ಯಾವ ರೋಗಿಯೂ ಅರ್ಧಕ್ಕೆ ಮರಳಬೇಕಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಎದೆಯಲ್ಲಿ ಗಂಟು ಸಿಕ್ಕರೆ, ಮುಟ್ಟು ನಿಂತ ತಾಯಿಗೆ ಮತ್ತೆ ರಕ್ತಸ್ರಾವವಾದರೆ ಈ ವಾರವೇ ತೋರಿಸಿ. ಒಬ್ಬರೇ ಹೋಗಲು ಭಯವಾದರೆ ಗುರುನಿವಾಸಕ್ಕೆ ಬಂದು ಹೇಳಿ, ಜೊತೆಗೆ ಬರುವವರನ್ನು ಹುಡುಕೋಣ.

ರೋಗದ ಹಾಸಿಗೆಯಲ್ಲಿರುವ ಎಲ್ಲರನ್ನೂ, ಅವರ ಪಕ್ಕದಲ್ಲಿ ಎಚ್ಚರವಿರುವವರನ್ನೂ ಪ್ರಭು ಬಲಪಡಿಸಲಿ.