ಮದ್ದು ಬಿಡುವ ಮುನ್ನ ಕತ್ತಿ ಅದ್ದಿ ನೋಡಿ

ಮೇ ಕೊನೆಗೆ ಪುತ್ತೂರು, ಸುಳ್ಯ, ಕಡಬದ ಅಡಿಕೆ ಬೆಳೆಗಾರರ ಬಾಯಲ್ಲಿ ಒಂದು ಮಾತು ಕೇಳಿಬರುತ್ತದೆ: 'ಹೋದ ವರ್ಷ ತಡವಾಗಿ ಮದ್ದು ಬಿಟ್ಟೆ, ಏನೂ ಆಗಲಿಲ್ಲ.' ನನಗೆ ಭಯ ಹುಟ್ಟಿಸುವ ಮಾತಿದು. ತೋಟ ಉಳಿಸಿದ್ದು ಮಳೆಯ ನಡುವೆ ಸಿಕ್ಕ ಬಿಸಿಲು. ನಾವು ಅದನ್ನು ನಮ್ಮ ಜಾಣತನದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಕಾಯಿ ಉದುರಿಸುವ ಕೊಳೆರೋಗ ಬಂದಾಗ ಮಾತ್ರ ತಪ್ಪು ಮದ್ದಿನ ಮೈಲುತುತ್ತಿನದು (ಕಾಪರ್ ಸಲ್ಫೇಟ್), ಅಂಗಡಿಯವರದು.

ಆ ಮದ್ದಿನ, ಅಂದರೆ ಬೋರ್ಡೋ ದ್ರಾವಣದ ಲೆಕ್ಕ ಎಲ್ಲರಿಗೂ ಬಾಯಿಪಾಠ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಆದರೆ ಸುಣ್ಣ ಕಳಪೆಯಾಗಿದ್ದರೆ ಆ ಲೆಕ್ಕ ಸಾಲದು. ಅದಕ್ಕೇ ಹಿರಿಯರು ಉಜ್ಜಿ ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಅಷ್ಟು ಅನುಭವವಿದ್ದವರೂ ಕಣ್ಣಂದಾಜನ್ನು ನಂಬಿ ಕೂರಲಿಲ್ಲ. ನನಗೆ ಅದು ಬಹಳ ದೊಡ್ಡ ವಿಷಯ.

ಹಾಗೆಯೇ ನೆನಪನ್ನೂ ನಂಬಿ ಕೂರಬೇಡಿ. ಮದ್ದು ಬಿಟ್ಟ ತಾರೀಕು, ಮಳೆ, ಕಾಯಿ ಉದುರಿದ್ದು, ಎಲ್ಲವನ್ನೂ ಬರೆದಿಡಿ. ನಷ್ಟವಾದ ವರ್ಷದ್ದು ಮಾತ್ರವಲ್ಲ, ಪಾರಾದ ವರ್ಷದ್ದೂ ಇರಲಿ. ಈ ಸಲ ಮೊದಲ ಮದ್ದನ್ನು ಮಳೆ ಹಿಡಿಯುವ ಮೊದಲೇ ಬಿಡಿ, ಎರಡನೆಯದನ್ನು 40-45 ದಿನಕ್ಕೆ ತಪ್ಪಿಸಬೇಡಿ.