ದ್ರೋಹಿಯೆಂದರೆ ಪಾಠ ಮುಗಿಯಿತೇ?

ಉಪಾಧ್ಯಾಯ ಬಂಧುಗಳಲ್ಲಿಯೂ ವಿದ್ಯಾರ್ಥಿ ಮಿತ್ರರಲ್ಲಿಯೂ ಒಂದು ವಿಚಾರವನ್ನು ಸ್ವಲ್ಪ ನಿಷ್ಠುರವಾಗಿಯೇ ನಿವೇದಿಸಬೇಕಾಗಿದೆ. ಇತಿಹಾಸದ ಪಾಠ ಹೇಳುವಾಗ ನಮ್ಮ ವೃತ್ತಿಬಾಂಧವರಲ್ಲಿ ಅನೇಕರು ಒಂದು ಸುಲಭೋಪಾಯವನ್ನು ಹಿಡಿದಿದ್ದಾರೆ. ಹೆಗಲಿಗೆ ಹೆಗಲು ಕೊಟ್ಟು ಕಾದಿದ ಇಬ್ಬರು ವೀರರು ಮುಂದೆ ಪರಸ್ಪರ ವೈರಿಗಳಾದರೆಂದು ಕಥೆಯಲ್ಲಿ ಬಂದೊಡನೆ, ಒಬ್ಬನನ್ನು ಸ್ವಾಮಿಭಕ್ತನೆಂದೂ ಇನ್ನೊಬ್ಬನನ್ನು ದ್ರೋಹಿಯೆಂದೂ ಕರೆದು, ಕರಿಹಲಗೆಯ ಮೇಲೆ ಎರಡು ಹೆಸರುಗಳನ್ನು ಬರೆದು, ಕೈಗೆ ಹತ್ತಿದ ಸೀಮೆಸುಣ್ಣವನ್ನು ಒರಸಿಕೊಂಡುಬಿಡುವುದೇ ಆ ಉಪಾಯ. ಮಕ್ಕಳಿಗೆ ಅದು ಬೇಗನೆ ಬಾಯಿಪಾಠವಾಗುತ್ತದೆ. ಭಾಷಣಸ್ಪರ್ಧೆಯಲ್ಲಿ ಚಪ್ಪಾಳೆಯೂ ದೊರೆಯುತ್ತದೆ. ಆದರೆ ಅದು ಇತಿಹಾಸವಲ್ಲ. ಇತಿಹಾಸಕ್ಕೆ ಹಾಕಿದ ಬೀಗ. ‘ದ್ರೋಹಿ’ ಎಂಬ ಮಾತು ಎಲ್ಲಿ ಬಂದಿತೋ ಅಲ್ಲಿ ‘ಏಕೆ’ ಎಂಬ ಪ್ರಶ್ನೆ ಸತ್ತಿತು.

ಇದಕ್ಕೆ ದೃಷ್ಟಾಂತವಾಗಿ ದೂರದ ಜಪಾನನ್ನು ಆರಿಸಿಕೊಂಡಿದ್ದೇವೆ. ಹತ್ತಿರದ ಉದಾಹರಣೆಯಾದರೆ ನಮ್ಮ ನಮ್ಮ ಅಭಿಮಾನಗಳು ಅಡ್ಡಬಂದು ಕಣ್ಣು ಮಂಜಾಗುವುದುಂಟು. ಅಲ್ಲದೆ, ಒಂದು ಹಳೆಯ ಯುದ್ಧದ ಕಥೆಯನ್ನು ಪ್ರಾಥಮಿಕ ಶಾಲೆಯ ಪಾಠಪುಸ್ತಕ ಹೇಗೆ ಕೆಡಿಸಬಲ್ಲುದು, ಅದರ ಬೆಲೆಯನ್ನು ಯಾರು ತೆರಬೇಕಾಗುತ್ತದೆ ಎಂಬುದನ್ನು ಆ ದೇಶದಷ್ಟು ಸ್ಪಷ್ಟವಾಗಿ ತೋರಿಸಿದ ದೇಶಗಳು ವಿರಳ.

14ನೆಯ ಶತಮಾನದ ಆರಂಭದಲ್ಲಿ ಜಪಾನಿನ ನಿಜವಾದ ಅಧಿಕಾರ ಕ್ಯೋಟೋದ ಚಕ್ರವರ್ತಿಯ ಕೈಯಲ್ಲಿರಲಿಲ್ಲ. ಕಾಮಾಕುರಾ ನಗರದ ಸೇನಾಸರ್ಕಾರವನ್ನು ನಡೆಸುತ್ತಿದ್ದ ಹೋಜೋ ಮನೆತನದ ಕೈಯಲ್ಲಿತ್ತು. ಅದನ್ನು ಉರುಳಿಸಲೆಳಸಿದ ಚಕ್ರವರ್ತಿ ಗೋ-ದೈಗೋ 1332ರಲ್ಲಿ ಓಕಿ ದ್ವೀಪಕ್ಕೆ ಗಡೀಪಾರಾದನು. ಆಗ ಅವನ ಪಕ್ಷವನ್ನು ಉಳಿಸಿದವನು ಕುಸುನೋಕಿ ಮಸಾಶಿಗೆ. ಚಿಹಾಯಾ ಎಂಬ ಬೆಟ್ಟದ ಕೋಟೆಯಲ್ಲಿ ಅಲ್ಪಸೈನ್ಯದೊಡನೆ ನಿಂತು ಅವನು ಹೋಜೋ ದಂಡನ್ನು ತಡೆದನು. 1333ರಲ್ಲಿ ಚಕ್ರವರ್ತಿ ದ್ವೀಪದಿಂದ ತಪ್ಪಿಸಿಕೊಂಡು ಬಂದನು. ಅವನನ್ನು ಅಡಗಿಸಲೆಂದು ಕಾಮಾಕುರಾ ಕಳುಹಿಸಿದ ಸೇನಾಪತಿ ಅಶಿಕಾಗಾ ತಕಾಉಜಿ ನಡುದಾರಿಯಲ್ಲಿ ಪಕ್ಷ ಬದಲಿಸಿ, ಕ್ಯೋಟೋದಲ್ಲಿದ್ದ ಹೋಜೋ ಠಾಣ್ಯವನ್ನೇ ಗೆದ್ದುಕೊಂಡನು. ಅದೇ ತಿಂಗಳಿನಲ್ಲಿ ನಿತ್ತಾ ಯೋಶಿಸಾದಾ ಕಾಮಾಕುರಾ ನಗರವನ್ನು ಹಿಡಿದನು. ಹೋಜೋ ಮನೆತನ ನಾಶವಾಯಿತು. ಮಸಾಶಿಗೆ, ತಕಾಉಜಿ, ಯೋಶಿಸಾದಾ ಈ ಮೂವರೂ ಒಂದೇ ವಿಜಯದ ಪಾಲುದಾರರು. ಚಕ್ರವರ್ತಿಯಂತೂ ತಕಾಹರು ಎಂಬ ತನ್ನ ಸ್ವಂತ ಹೆಸರಿನ ಒಂದು ಅಕ್ಷರವನ್ನೇ ತಕಾಉಜಿಗೆ ದಯಪಾಲಿಸಿದನು.

ಮೂರು ವರ್ಷ ತುಂಬುವಷ್ಟರಲ್ಲಿ ಈ ಸಂಗಾತಿಗಳು ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದರು. 1336ರಲ್ಲಿ, ಇಂದು ಕೋಬೆ ನಗರವಿರುವೆಡೆಯ ಮಿನಾತೋಗಾವಾ ನದೀತೀರದಲ್ಲಿ ತಕಾಉಜಿಯ ಸೈನ್ಯಕ್ಕೆ ಸೋತು ಮಸಾಶಿಗೆ ತನ್ನ ತಮ್ಮನೊಡನೆ ಆತ್ಮಾಹುತಿ ಮಾಡಿಕೊಂಡನು. 1338ರಲ್ಲಿ ಎಚಿಜೆನ್ ಪ್ರಾಂತದ ಕಾಳಗವೊಂದರಲ್ಲಿ ಯೋಶಿಸಾದಾ ಮಡಿದನು. ಅದೇ ವರ್ಷ ತಕಾಉಜಿ ಶೋಗುನ್ ಪದವಿಗೇರಿದನು. ಚಕ್ರವರ್ತಿ ಯೋಶಿನೋ ಬೆಟ್ಟಗಳಿಗೆ ಹೋಗಿ ಬೇರೆ ಆಸ್ಥಾನವನ್ನು ಹೂಡಿದ್ದನು. ಉತ್ತರದ ಆಸ್ಥಾನ, ದಕ್ಷಿಣದ ಆಸ್ಥಾನ ಎಂದು ದೇಶ ಇಬ್ಭಾಗವಾಗಿ, ಅದು ಕೂಡಿಕೊಂಡದ್ದು 1392ರಲ್ಲಿ.

ಇಲ್ಲಿ ಸುಲಭೋಪಾಯದ ಉಪಾಧ್ಯಾಯರು ಎದ್ದು ನಿಲ್ಲುತ್ತಾರೆ: “ಮಸಾಶಿಗೆ ಸ್ವಾಮಿಭಕ್ತ, ತಕಾಉಜಿ ದ್ರೋಹಿ, ಬರೆದುಕೊಳ್ಳಿರಿ.” ಬರೆದುಕೊಳ್ಳುವ ಮೊದಲು ಕೆಲವು ಪ್ರಶ್ನೆಗಳಿಗೆ ಅವರು ಉತ್ತರ ಕೊಡಲಿ.

ತಕಾಉಜಿ ಪಕ್ಷ ಬದಲಿಸಿದ್ದು ಒಂದು ಸಲವಲ್ಲ, ಎರಡು ಸಲ. 1333ರಲ್ಲಿ ಅವನು ಬಿಟ್ಟುಬಂದದ್ದು ತನ್ನನ್ನು ಸೇನಾಪತಿಯಾಗಿ ಕಳುಹಿಸಿದ ಹೋಜೋಗಳನ್ನು. ಅವನ ಹೆಂಡತಿಯೇ ಹೋಜೋ ಕುಲದವಳು. ಕಾಮಾಕುರಾದ ಕೊನೆಯ ರಾಜ್ಯಾಧಿಕಾರಿಯ ಸೋದರಿ. ಆ ಪಕ್ಷಾಂತರಕ್ಕೆ ಆಸ್ಥಾನದಲ್ಲಿ ರಾಜಭಕ್ತಿಯೆಂಬ ಹೆಸರು ಬಂದಿತು. 1335ರ ಪಕ್ಷಾಂತರಕ್ಕೆ ರಾಜದ್ರೋಹವೆಂಬ ಹೆಸರು ಬಂದಿತು. ಮನುಷ್ಯನೊಬ್ಬನೇ, ಮಾಡಿದ್ದೂ ಒಂದೇ ಬಗೆಯ ಕೆಲಸ. ಹೆಸರು ಮಾತ್ರ ಲಾಭ ಪಡೆದವನ ಇಷ್ಟದಂತೆ ಬದಲಾಯಿತು. ಯೋಶಿಸಾದಾನೂ ಮೊದಲು ಹೋಜೋಗಳ ಅಧೀನನೇ. ಮಸಾಶಿಗೆಯ ಚಿಹಾಯಾ ಕೋಟೆಗೆ ಮುತ್ತಿಗೆ ಹಾಕಿದ ದಂಡಿನಲ್ಲಿ ಅವನಿದ್ದು ಅನಂತರ ಊರಿಗೆ ಹಿಂದಿರುಗಿದನೆಂದು ‘ತೈಹೇಕಿ’ ಎಂಬ ಯುದ್ಧಕಥನ ಹೇಳುತ್ತದೆ. ಹೀಗಿರುವಲ್ಲಿ ಯಾವ ತಕ್ಕಡಿಯಲ್ಲಿಟ್ಟು ಒಬ್ಬನನ್ನು ಭಕ್ತನೆಂದೂ ಮತ್ತೊಬ್ಬನನ್ನು ದ್ರೋಹಿಯೆಂದೂ ತೂಗುವುದು?

ಎರಡನೆಯ ಪ್ರಶ್ನೆ: ಗೆದ್ದವರು ಒಡೆದುಹೋದದ್ದೇಕೆ? ದ್ರೋಹಿಯ ಕಥೆ ಹೇಳುವವರಿಗೆ ಇದು ಬೇಡವಾದ ಪ್ರಶ್ನೆ. ಆ ಕಾಲದ ಯೋಧ ಹೋರಾಡುತ್ತಿದ್ದುದು ಭೂಮಿಗಾಗಿ. ಗೆದ್ದ ಬಳಿಕ ಭೂಮಿಯ ಹಕ್ಕು ದೊರೆಯದಿದ್ದರೆ ಅವನ ಮನೆತನವೇ ಉಪವಾಸ. ಗೋ-ದೈಗೋ ಎಲ್ಲ ಭೂಮಿಯ ಹಕ್ಕುಗಳೂ ತನ್ನ ರಾಜಾಜ್ಞೆಯಿಂದಲೇ ಸ್ಥಿರವಾಗಬೇಕೆಂದು ವಿಧಿಸಿದನು. ಕಾಗದಪತ್ರಗಳನ್ನು ಹಿಡಿದು ಯೋಧರು ದೂರದೂರದ ಪ್ರಾಂತಗಳಿಂದ ರಾಜಧಾನಿಗೆ ಬಂದು ಕಾದು ನಿಂತರು. ಅದರ ನಡುವೆ ಅರಮನೆಯ ಹೊಸ ಕಟ್ಟಡಕ್ಕೆಂದು ಉತ್ಪನ್ನದ 20ರಲ್ಲಿ ಒಂದು ಪಾಲಿನ ತೆರಿಗೆಯನ್ನು ಹೇರಲು ಹೊರಟರು. 1334ರಲ್ಲಿ ಕ್ಯೋಟೋದ ನದಿಯ ದಂಡೆಯಲ್ಲಿ ಈ ಅವ್ಯವಸ್ಥೆಯನ್ನು ಗೇಲಿ ಮಾಡುವ ಬರೆಹವೊಂದು ಕಾಣಿಸಿಕೊಂಡಿತು. ಚಕ್ರವರ್ತಿಗಾಗಿ ಕಾದಿದ್ದ ಅಕಾಮಾತ್ಸು ನೋರಿಮುರಾನಿಂದ ಹರಿಮಾ ಪ್ರಾಂತದ ಅಧಿಕಾರವನ್ನೇ ಕಿತ್ತುಕೊಂಡರು. ಅದೇ ಅಕಾಮಾತ್ಸು 1336ರಲ್ಲಿ ಶಿರಹಾತಾ ಕೋಟೆಯಲ್ಲಿ ಯೋಶಿಸಾದಾನ ಸೈನ್ಯವನ್ನು ತಡೆದು ನಿಲ್ಲಿಸಿದನು. ಕ್ಯೂಶೂ ದ್ವೀಪಕ್ಕೆ ಓಡಿಹೋಗಿದ್ದ ತಕಾಉಜಿಗೆ ಮತ್ತೆ ದಂಡು ಕೂಡಿಸಲು ಅದರಿಂದ ಸಮಯ ಸಿಕ್ಕಿತು. ಚಕ್ರವರ್ತಿಯ ಮಗ ರಾಜಕುಮಾರ ಮೋರಿಯೋಶಿ ತಂದೆಗಾಗಿ ಹೋರಾಡಿದವನೇ. ಅವನನ್ನು 1334ರಲ್ಲಿ ಬಂಧಿಸಿ ಅಶಿಕಾಗಾಗಳ ವಶಕ್ಕೆ ಒಪ್ಪಿಸಿದರು. ಮರುವರ್ಷ ತಕಾಉಜಿಯ ತಮ್ಮ ತದಾಯೋಶಿ ಅವನನ್ನು ಕೊಲ್ಲಿಸಿದನು. ಈ ಕೊಲೆ ಘೋರವಾದ ಅಪರಾಧ. ಇದನ್ನು ನಾವು ಮುಚ್ಚುವುದಿಲ್ಲ. ಆದರೆ ಕುಮಾರನನ್ನು ವೈರಿಯ ಮನೆಗೆ ಕಳುಹಿಸಿದ ಕೈ ಯಾವುದೆಂದೂ ಮಕ್ಕಳು ತಿಳಿಯಬೇಡವೇ?

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು: ಮಸಾಶಿಗೆಯನ್ನು ಕೊಂದವರು ಯಾರು? ‘ತೈಹೇಕಿ’ಯ ಪ್ರಕಾರ, ತಕಾಉಜಿಯ ಮಹಾಸೈನ್ಯ ಪಶ್ಚಿಮದಿಂದ ಏರಿಬಂದಾಗ ಮಸಾಶಿಗೆ ಒಂದು ವಿವೇಕದ ಸಲಹೆಯನ್ನು ಕೊಟ್ಟನು. ಚಕ್ರವರ್ತಿ ಹಿಯೇಯಿ ಬೆಟ್ಟವನ್ನೇರಲಿ. ಶತ್ರುವನ್ನು ರಾಜಧಾನಿಗೆ ಬರಗೊಡೋಣ. ಬಳಿಕ ಆಹಾರದ ದಾರಿಗಳನ್ನು ಕಡಿದು ಎರಡು ಕಡೆಯಿಂದ ಹೊಡೆಯೋಣ ಎಂಬುದು ಅದರ ಸಾರ. ಆಸ್ಥಾನಿಕರು ಒಪ್ಪಲಿಲ್ಲ, ಚಕ್ರವರ್ತಿ ಮತ್ತೆ ಮತ್ತೆ ರಾಜಧಾನಿ ಬಿಡುವುದು ಮಾನಹಾನಿಯೆಂದರು. ಸೋಲು ನಿಶ್ಚಯವೆಂದು ತಿಳಿದೇ ಮಸಾಶಿಗೆ ರಣಕ್ಕೆ ಹೋದನು. ‘ಬೈಶೋರೋನ್’ ಎಂಬುದು ಅಶಿಕಾಗಾ ಪಕ್ಷದ ಗ್ರಂಥ. ಅದು ಮತ್ತೊಂದು ಸಂಗತಿಯನ್ನು ಹೇಳುತ್ತದೆ: ತಕಾಉಜಿ ಸೋತು ಕ್ಯೂಶೂವಿಗೆ ಓಡಿದ್ದಾಗಲೇ, ಅವನನ್ನು ಕರೆಯಿಸಿ ಸಂಧಿ ಮಾಡಿಕೊಳ್ಳಿರೆಂದು ಮಸಾಶಿಗೆ ಬಿನ್ನವಿಸಿದ್ದನಂತೆ, ಆಸ್ಥಾನ ನಕ್ಕುಬಿಟ್ಟಿತಂತೆ. ಎರಡು ಪಕ್ಷದ ಎರಡು ಗ್ರಂಥಗಳೂ ಒಂದು ಮಾತಿಗೆ ಸಾಕ್ಷಿ ನುಡಿಯುತ್ತವೆ: ಬಲ್ಲವನ ಮಾತನ್ನು ಅರಮನೆ ಕೇಳಲಿಲ್ಲ. ‘ತಕಾಉಜಿ ದ್ರೋಹಿ’ ಎಂದು ಹೇಳಿ ಪಾಠ ಮುಗಿಸಿದರೆ ಈ ಅರಮನೆ ಪಾರಾಗುತ್ತದೆ. ದ್ರೋಹಿಯೆಂಬ ಪದ ಕಟ್ಟಕಡೆಗೆ ಕಾಪಾಡುವುದು ಸ್ವಾಮಿಭಕ್ತನನ್ನಲ್ಲ, ಸ್ವಾಮಿಯ ತಪ್ಪನ್ನು.

ಇನ್ನೊಂದು ಸಂಗತಿಯುಂಟು. ಮಸಾಶಿಗೆಯ ತಲೆಯನ್ನು ತಕಾಉಜಿ ಹಳೆಯ ಸ್ನೇಹವನ್ನು ನೆನೆದು ಅವನ ಹೆಂಡತಿ ಮಕ್ಕಳಿಗೆ ಗೌರವದಿಂದ ಕಳುಹಿಸಿಕೊಟ್ಟನೆಂದು ‘ತೈಹೇಕಿ’ ಬರೆಯುತ್ತದೆ. ಮಸಾಶಿಗೆಯ ಮರಣಕ್ಕೆ ವೈರಿಪಕ್ಷದ ‘ಬೈಶೋರೋನ್’ ಮರುಗುತ್ತದೆ. 1339ರಲ್ಲಿ ಗೋ-ದೈಗೋ ತೀರಿಕೊಂಡಾಗ ಅವನ ಆತ್ಮಶಾಂತಿಗೆಂದು ತಕಾಉಜಿ ಕ್ಯೋಟೋದಲ್ಲಿ ತೆನ್ರ್ಯೂಜಿ ಎಂಬ ದೇವಾಲಯವನ್ನು ಕಟ್ಟಿಸಿದನು. ಅದಕ್ಕೆ ಹಣ ಕೂಡಿಸಲು ಚೀನಾಕ್ಕೆ ವ್ಯಾಪಾರದ ಹಡಗನ್ನೂ ಕಳುಹಿಸಿದರು. ಕತ್ತಿ ಹಿಡಿದು ಕಾದಿದವರಿಗೇ ಇಲ್ಲದ ದ್ವೇಷ ಪಾಠಪುಸ್ತಕಕ್ಕೆ ಎಲ್ಲಿಂದ ಬಂದಿತು?

ಅದು ಬಂದದ್ದು ಶತಮಾನಗಳಾಚೆ. 1863ರಲ್ಲಿ ರಾಜಪಕ್ಷದ ಉತ್ಸಾಹಿಗಳು ಕ್ಯೋಟೋದ ತೋಜೀಇನ್ ದೇವಾಲಯಕ್ಕೆ ನುಗ್ಗಿ, ಅಲ್ಲಿದ್ದ ತಕಾಉಜಿಯ ಮತ್ತು ಅವನ ಮಗ ಮೊಮ್ಮಗರ ಮರದ ವಿಗ್ರಹಗಳ ತಲೆಗಳನ್ನು ಕಿತ್ತು ನದಿಯ ದಂಡೆಯಲ್ಲಿ ಪ್ರದರ್ಶನಕ್ಕಿಟ್ಟರು. 500 ವರ್ಷಗಳ ಹಿಂದೆ ಸತ್ತವನ ಮರದ ತಲೆಗೆ ಮರಣದಂಡನೆ! ಮಸಾಶಿಗೆಗೆ 1872ರಲ್ಲಿ ಮಿನಾತೋಗಾವಾದಲ್ಲಿ ಗುಡಿಯಾಯಿತು. ತೋಕಿಯೋ ಅರಮನೆಯ ಮುಂದೆ ಕುದುರೆಯನ್ನೇರಿದ ಕಂಚಿನ ಪ್ರತಿಮೆ 1900ರಲ್ಲಿ ಸಿದ್ಧವಾಯಿತು. 1911ರಲ್ಲಿ ಪ್ರಾಥಮಿಕ ಶಾಲೆಯ ಇತಿಹಾಸಪುಸ್ತಕವೇ ಪಾರ್ಲಿಮೆಂಟಿನ ಜಗಳವಾಯಿತು. ಎರಡು ಆಸ್ಥಾನಗಳನ್ನು ಸಮಾನವಾಗಿ ವಿವರಿಸಿದ್ದೇ ಪುಸ್ತಕದ ಅಪರಾಧ. ಅದರ ಹೊಣೆಗಾರರಾಗಿದ್ದ ವಿದ್ವಾಂಸ ಕಿತಾ ಸದಾಕಿಚಿಯವರನ್ನು ಕೆಲಸದಿಂದ ಅಮಾನತು ಮಾಡಿದರು. ದಕ್ಷಿಣದ ಆಸ್ಥಾನವೊಂದೇ ನ್ಯಾಯವಾದುದೆಂದು ಸರ್ಕಾರ ತೀರ್ಪು ಕೊಟ್ಟಿತು. ಆಗಿನ ರಾಜವಂಶ ಮಾತ್ರ ಉತ್ತರದ ಶಾಖೆಯಿಂದ ಇಳಿದು ಬಂದುದಾಗಿತ್ತು! 1934ರಲ್ಲಿ, ತಕಾಉಜಿಯನ್ನು ಹೊಗಳಿ ಹಿಂದೊಮ್ಮೆ ಬರೆದಿದ್ದ ಲೇಖನವೊಂದಕ್ಕಾಗಿ ನಕಾಜಿಮಾ ಕುಮಾಕಿಚಿ ಎಂಬ ಮಂತ್ರಿ ರಾಜೀನಾಮೆ ಕೊಡಬೇಕಾಯಿತು.

ಮುಂದಿನದನ್ನು ನೆನೆದರೆ ಕರುಳು ಹಿಂಡುತ್ತದೆ. ಸಾಯುವ ಮುನ್ನ ಮಸಾಶಿಗೆಯ ತಮ್ಮ, ಏಳು ಜನ್ಮವೆತ್ತಿಯಾದರೂ ರಾಜವೈರಿಗಳನ್ನು ಸಂಹರಿಸುವೆನೆಂದನೆಂಬ ಕಥೆಯನ್ನು ಶಾಲೆಯ ಮಕ್ಕಳಿಗೆ ಕಲಿಸಿದರು. ನೀರಿನಲ್ಲಿ ತೇಲುವ ಸೇವಂತಿಗೆ ಮಸಾಶಿಗೆಯ ಲಾಂಛನ. ‘ಕಿಕುಸುಯಿ’ ಎಂದು ಅದರ ಹೆಸರು. 1945ರಲ್ಲಿ ಓಕಿನಾವಾ ಸಮುದ್ರದಲ್ಲಿ ವಿಮಾನಸಮೇತ ಶತ್ರುನೌಕೆಗಳ ಮೇಲೆ ಬಿದ್ದು ಸಾಯಲು ತರುಣರನ್ನು ಕಳುಹಿಸಿದ ಕಾರ್ಯಾಚರಣೆಗೆ ಅದೇ ಹೆಸರನ್ನಿಟ್ಟರು. ಗೆಲ್ಲಲಾಗದ ಯುದ್ಧಕ್ಕೆ ಪ್ರಶ್ನೆಯಿಲ್ಲದೆ ಹೋಗಿ ಸಾಯುವುದೇ ಪರಮಧರ್ಮವೆಂದು ಅವರು ಕಲಿತದ್ದು ಎಲ್ಲಿ? ತರಗತಿಯಲ್ಲಿಯೂ ಅಲ್ಲವೇ? ಮಸಾಶಿಗೆ ಸಂಧಿಯ ಸಲಹೆ ಕೊಟ್ಟಿದ್ದನೆಂಬ ಕಥನವನ್ನೂ ಅದೇ ತರಗತಿಯಲ್ಲಿ ಹೇಳಿದ್ದರೆ, ಒಬ್ಬ ಹುಡುಗನಾದರೂ ಎದ್ದು ನಿಂತು, “ಸ್ವಾಮಿ, ಅವನ ಮಾತನ್ನು ಏಕೆ ಕೇಳಲಿಲ್ಲ?” ಎಂದು ಪ್ರಶ್ನಿಸುತ್ತಿದ್ದನೋ ಏನೋ.

ಕೆಲವರ ಆಕ್ಷೇಪವನ್ನು ನಾವು ಬಲ್ಲೆವು. ಎಳೆಯ ಮಕ್ಕಳಿಗೆ ಆದರ್ಶಗಳು ಬೇಕು, ಇಷ್ಟೆಲ್ಲ ಗೊಂದಲವನ್ನು ಅವರ ತಲೆ ತಾಳಲಾರದು ಎನ್ನುತ್ತಾರೆ. ಪಂಪನ ಕರ್ಣನಿಗಾಗಿ ಕಣ್ಣೀರಿಡಬಲ್ಲ ಕನ್ನಡದ ಮಕ್ಕಳ ತಲೆಯನ್ನು ಹೀಗೆ ಅಳೆಯುವುದು ಅನ್ಯಾಯ. ಎದುರುಪಕ್ಷದಲ್ಲಿ ನಿಂತವನಲ್ಲಿಯೂ ಹಿರಿಮೆಯಿರಬಹುದೆಂಬುದು ನಮ್ಮ ಭಾಷೆಯ ಮಕ್ಕಳಿಗೆ ಹೊಸ ಪಾಠವಲ್ಲ. ಮತ್ತೆ ಕೆಲವರು, ಹೀಗಾದರೆ ತಪ್ಪು ಸರಿಗಳ ಭೇದವೇ ಅಳಿಯುವುದಿಲ್ಲವೇ ಎನ್ನುತ್ತಾರೆ. ಅಳಿಯುವುದಿಲ್ಲ, ಇನ್ನೂ ನಿಚ್ಚಳವಾಗುತ್ತದೆ. ರಾಜಕುಮಾರನ ಕೊಲೆ ತಪ್ಪು. ಕಾದಿದವನ ಅಧಿಕಾರವನ್ನು ಕಿತ್ತುಕೊಂಡದ್ದು ತಪ್ಪು. ಮಾನದ ಹೆಸರಿನಲ್ಲಿ ಸೇನಾಪತಿಯನ್ನು ಸಾವಿಗೆ ಅಟ್ಟಿದ್ದು ತಪ್ಪು. ಪ್ರತಿಯೊಂದು ತಪ್ಪಿಗೂ ಅದರದರ ಯಜಮಾನನನ್ನು ತೋರಿಸಿಕೊಟ್ಟಂತಾಯಿತು. ಎಲ್ಲವನ್ನೂ ಒಂದೇ ಗೋಣಿಚೀಲದಲ್ಲಿ ತುಂಬಿ ಒಬ್ಬನ ತಲೆಯ ಮೇಲೆ ಹೊರಿಸುವುದೇ ವಿವೇಕವಿಲ್ಲದ ಕೆಲಸ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಯಾವ ದೇಶದ ಕಥೆಯೇ ಆಗಲಿ, ಗೆಳೆಯರು ವೈರಿಗಳಾದ ಪ್ರಸಂಗ ಬಂದಾಗ ಕರಿಹಲಗೆಯ ಮೇಲೆ ಎರಡು ಹೆಸರುಗಳ ಬದಲು ಮೂರು ಪ್ರಶ್ನೆಗಳನ್ನು ಬರೆಯಿರಿ: ಗೆದ್ದ ಮೇಲೆ ಯಾರಿಗೆ ಏನು ದೊರೆಯಿತು? ಯಾರ ಮಾತನ್ನು ಯಾರು ಕೇಳದೆ ಹೋದರು? ಈ ಕಥೆಯನ್ನು ನಮಗೆ ಹೇಳಿದವರು ಯಾವ ಪಕ್ಷದವರು? ಉತ್ತರಗಳನ್ನು ಮಕ್ಕಳೇ ಹುಡುಕಲಿ. ಹುಡುಕುವಾಗ ತರಗತಿಯಲ್ಲಿ ಗದ್ದಲವಾದರೆ ಆಗಲಿ. ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು: ಯಾರನ್ನಾದರೂ ದ್ರೋಹಿಯೆಂದು ಬರೆದುಕೊಳ್ಳಿರೆಂದು ಹೇಳಿದಾಗ ಲೇಖನಿಯನ್ನು ಕೆಳಗಿಟ್ಟು, “ಏಕೆ?” ಎಂದು ವಿನಯದಿಂದ ಕೇಳಿರಿ. ವಿನಯದ ಪ್ರಶ್ನೆಗೆ ಸಿಟ್ಟಾಗುವ ಗುರುವು ಗುರುವಲ್ಲ; ಉತ್ತರ ಹೇಳಲಾರದ ಪಾಠ ಪಾಠವೂ ಅಲ್ಲ.