ಹದಿನೇಳು ನಿಮಿಷದ ಪಾಠಾಂತರ

ಜೇಮ್ಸ್ ಕ್ಯಾಮರೂನ್ ಅವರ ‘ಏಲಿಯನ್ಸ್’ 1986ರಲ್ಲಿ ಥಿಯೇಟರಿಗೆ ಬಂದಾಗ ಅದರ ಉದ್ದ 137 ನಿಮಿಷ. 1991ರಲ್ಲಿ ಲೇಸರ್‌ಡಿಸ್ಕ್ ಆಗಿ ಮನೆಗಳಿಗೆ ಬಂದಾಗ 154 ನಿಮಿಷ. 2024ರ ಮಾರ್ಚ್‌ನಲ್ಲಿ 4ಕೆ ಡಿಸ್ಕ್ ಆಗಿ ಮತ್ತೊಮ್ಮೆ ಬಂತು. ಈ ಸಲ ಉದ್ದ ಇದ್ದಷ್ಟೇ ಇತ್ತು, ಪಾತ್ರಗಳ ಮುಖದ ಚರ್ಮ ಬೇರೆಯಾಗಿತ್ತು. ಅದರ ಮೇಲೆ ಚಿತ್ರರಸಿಕರಲ್ಲಿ ಎದ್ದ ಜಗಳ ಇನ್ನೂ ತಣ್ಣಗಾಗಿಲ್ಲ.

ಸಾಹಿತ್ಯ ಪತ್ರಿಕೆಯ ಸಂಪಾದಕರಿಗೆ ಹಾಲಿವುಡ್ಡಿನ ಡಿಸ್ಕಿನ ಉಸಾಬರಿ ಯಾಕೆ ಎಂದು ಕೆಲವರು ಕೇಳಬಹುದು. ನನಗಂತೂ ಇದು ನಮ್ಮ ಕಸುಬಿನದೇ ಜಗಳವಾಗಿ ಕಾಣುತ್ತದೆ. ಒಂದೇ ಕಾವ್ಯದ ನಾಲ್ಕು ಓಲೆಪ್ರತಿಗಳನ್ನು ಮುಂದೆ ಹರಡಿಕೊಂಡು ಕವಿಯ ಪಾಠ ಯಾವುದು, ಲಿಪಿಕಾರ ಸೇರಿಸಿದ್ದು ಯಾವುದು ಎಂದು ಕಣ್ಣು ಸವೆಸಿದವರ ಪರಂಪರೆ ನಮ್ಮದು. ಡಿ.ಎಲ್. ನರಸಿಂಹಾಚಾರ್ ಈ ಒಂದು ವಿದ್ಯೆಗಾಗಿಯೇ ‘ಕನ್ನಡ ಗ್ರಂಥಸಂಪಾದನೆ’ ಎಂಬ ಹೆಬ್ಬೊತ್ತಿಗೆ ಬರೆದರು. ಮನೆಗೆ ಬರುವ ಸಿನಿಮಾವನ್ನೂ ಅದೇ ಕಣ್ಣಿನಿಂದ ನೋಡಬೇಕು. ಥಿಯೇಟರಿನಲ್ಲಿ ಕಂಡದ್ದಕ್ಕೆ ಪೆಟ್ಟಿಗೆ ಕಟ್ಟಿ ಮಾರುವುದಷ್ಟೇ ಅಲ್ಲ ಅದು, ಹೊಸ ಆವೃತ್ತಿ ತರುವ ಕೆಲಸ. ಆವೃತ್ತಿ ಎಂದ ಮೇಲೆ ಸಂಪಾದಕನ ಜವಾಬ್ದಾರಿಯೂ ಬಂತು.

ಕತೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ರಿಡ್ಲಿ ಸ್ಕಾಟ್ 1979ರಲ್ಲಿ ಮಾಡಿದ ‘ಏಲಿಯನ್’ ಚಿತ್ರದಲ್ಲಿ ಅನ್ಯಲೋಕದ ಕೊಲೆಗಡುಕ ಜೀವಿಯಿಂದ ತಪ್ಪಿಸಿಕೊಂಡು ಬದುಕಿ ಉಳಿಯುವವರು ಗಗನನೌಕೆಯ ಸಿಬ್ಬಂದಿ ರಿಪ್ಲಿ ಮತ್ತು ಒಂದು ಬೆಕ್ಕು. ಮುಂದುವರಿದ ಭಾಗದಲ್ಲಿ ಅವಳು ನಿದ್ದೆಯಿಂದ ಏಳುವಾಗ 57 ವರ್ಷ ಕಳೆದಿರುತ್ತವೆ. ಅದೇ ಜೀವಿಗಳಿದ್ದ ಗ್ರಹದಲ್ಲಿ ಮನುಷ್ಯರು ಸಂಸಾರ ಹೂಡಿದ್ದಾರೆ, ಅಲ್ಲಿಂದ ಸುದ್ದಿ ನಿಂತುಹೋಗಿದೆ. ಸೈನಿಕರ ಜೊತೆ ರಿಪ್ಲಿ ಹೊರಡುತ್ತಾಳೆ. ಅಲ್ಲಿ ಸಿಗುವುದು ನ್ಯೂಟ್ ಎಂಬ ಒಬ್ಬ ಪುಟ್ಟ ಹುಡುಗಿ ಮಾತ್ರ.

1991ರ ಆವೃತ್ತಿ ಮರಳಿ ಕೊಟ್ಟ ಹದಿನೇಳು ನಿಮಿಷಗಳಲ್ಲಿ ಒಂದು ದೃಶ್ಯವಿದೆ. ರಿಪ್ಲಿ ಬೆಂಚಿನ ಮೇಲೆ ಕೂತಿದ್ದಾಳೆ, ಎದುರಿಗೆ ಹಸಿರು ಮರಗಳು. ಅವಳು ರಿಮೋಟ್ ಒತ್ತುತ್ತಾಳೆ, ಮರಗಳು ಆರಿಹೋಗುತ್ತವೆ. ಅದು ಬರೀ ಗೋಡೆಯ ಪರದೆ. ಆಗ ಅವಳ ಕಂಪನಿಯ ಅಧಿಕಾರಿ ಬರ್ಕ್ ಬಂದು ಕೈಗೊಂದು ಚಿತ್ರ ಕೊಡುತ್ತಾನೆ. ಬಿಳಿಕೂದಲಿನ ಮುದುಕಿ. ಇವಳು ರಿಪ್ಲಿಯ ಮಗಳು ಅಮ್ಯಾಂಡಾ, 66ನೆಯ ವಯಸ್ಸಿನಲ್ಲಿ, ತಾಯಿ ಎಚ್ಚರಗೊಳ್ಳುವುದಕ್ಕೆ ಎರಡು ವರ್ಷ ಮೊದಲು, ತೀರಿಕೊಂಡಿದ್ದಾಳೆ. ನಿನ್ನ ಹನ್ನೊಂದನೆಯ ಹುಟ್ಟುಹಬ್ಬಕ್ಕೆ ಬಂದುಬಿಡುತ್ತೇನೆ ಎಂದು ಮಾತು ಕೊಟ್ಟು ಹೊರಟವಳು ಈ ತಾಯಿ. ಮಗಳು ಅವಳಿಗಿಂತ ಮುದುಕಿಯಾಗಿ ಸತ್ತಿದ್ದಾಳೆ. ಬಾಹ್ಯಾಕಾಶ, ದೀರ್ಘನಿದ್ರೆ, ಕಾಲದ ಏರುಪೇರು ಎಂದು ವೈಜ್ಞಾನಿಕ ಕತೆಗಳು ಹೇಳುತ್ತಲೇ ಇರುತ್ತವೆ. ಆದರೆ 57 ವರ್ಷ ಎಂದರೆ ಏನೆಂಬುದು ಎದೆಗೆ ತಾಕುವುದು ಈ ಒಂದು ಫೋಟೊದಲ್ಲಿ. ಆ ಫೋಟೊದಲ್ಲಿರುವವರು ರಿಪ್ಲಿಯಾಗಿ ನಟಿಸಿದ ಸಿಗೌರ್ನಿ ವೀವರ್ ಅವರ ಸ್ವಂತ ತಾಯಿ, ನಟಿ ಎಲಿಜಬೆತ್ ಇಂಗ್ಲಿಸ್. ತಾಯಿಯ ಮುಖವನ್ನು ಕೈಯಲ್ಲಿ ಹಿಡಿದು ಮಗಳಿಗಾಗಿ ಅಳುವ ನಟಿ!

ಇಂಥ ದೃಶ್ಯಕ್ಕೆ, ಚಿತ್ರ ಉದ್ದವಾಯಿತೆಂದು, ಕತ್ತರಿ ಬಿದ್ದಿತ್ತು. ವೀವರ್ ಅವರಿಗೆ ಅದು ಹಿಡಿಸಲಿಲ್ಲ. ಅವರು ಪಾತ್ರವನ್ನು ಕಟ್ಟಿಕೊಂಡದ್ದೇ ಆ ನಷ್ಟದ ಮೇಲೆ. ದೃಶ್ಯವಿಲ್ಲದೆಯೂ ಅವರು ಆಸ್ಕರ್‌ನ ಶ್ರೇಷ್ಠ ನಟಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು, ಅದು ಬೇರೆ ಮಾತು. ಥಿಯೇಟರ್ ಪಾಠದಲ್ಲಿ ನ್ಯೂಟ್‌ಳನ್ನು ಉಳಿಸಲು ರಿಪ್ಲಿ ಮರಳಿ ನುಗ್ಗುವುದು ಧೈರ್ಯ. ಲೇಸರ್‌ಡಿಸ್ಕಿನ ಪಾಠದಲ್ಲಿ ಅದು ಋಣ. ಕೊನೆಯಲ್ಲಿ ರಾಣಿ ಜೀವಿಯ ಎದುರು ನಿಲ್ಲುವವಳು ಒಮ್ಮೆ ಮಗಳನ್ನು ಕಳೆದುಕೊಂಡ ತಾಯಿ ಎಂದು ಗೊತ್ತಿದ್ದರೆ ಆ ಕಾಳಗವೇ ಬೇರೆ.

ಹಾಗೆಂದು ಸೇರಿಸಿದ್ದೆಲ್ಲ ಚೆನ್ನ ಎನ್ನಲಾರೆ. ನ್ಯೂಟ್‌ಳ ಅಪ್ಪ ಅಮ್ಮ ಆ ಜೀವಿಗಳಿದ್ದ ಹಳೆಯ ನೌಕೆಯನ್ನು ಹುಡುಕಿಕೊಂಡು ಹೋಗುವುದು, ಅಪ್ಪನ ಮುಖಕ್ಕೆ ಜೀವಿ ಕಚ್ಚಿಕೊಳ್ಳುವುದು, ಇವೂ ಹೊಸ ಪಾಠದಲ್ಲಿವೆ. ನನಗೆ ಇದು ಬೇಡವಿತ್ತು. ಮೊದಲಿನ ಪಾಠದಲ್ಲಿ ಸೈನಿಕರ ಜೊತೆಗೇ ನಾವು ಆ ವಸತಿಗೆ ಕಾಲಿಡುತ್ತೇವೆ: ಮಳೆ, ಗಾಳಿ, ಆಸಿಡ್ ತಿಂದು ತೂತಾದ ನೆಲ, ಒಂದು ನರಪಿಳ್ಳೆಯೂ ಇಲ್ಲ. ಏನಾಗಿರಬಹುದು ಎಂಬ ಅಳುಕು ನಮಗೂ ಅವರಿಗೂ ಸಮ. ಮುಂಚೆಯೇ ತೋರಿಸಿದ್ದರಿಂದ ಆ ಅಳುಕು ಅರ್ಧಕ್ಕಿಳಿಯಿತು. ಇನ್ನು ಸುರಂಗದಲ್ಲಿಟ್ಟ ತಾನೇ ಗುಂಡು ಹಾರಿಸುವ ಬಂದೂಕುಗಳ ದೃಶ್ಯವೂ ಸೇರ್ಪಡೆಯೇ. ಉಳಿದ ಗುಂಡುಗಳ ಲೆಕ್ಕ ಸರಸರನೆ ಇಳಿಯುತ್ತದೆ, ಅಂಕಿ ನೋಡಿಯೇ ಮೈ ಬೆವರುತ್ತದೆ. ಅದು ಇರಲಿ.

ಮನೆಯ ಮಾರುಕಟ್ಟೆಗೆ ದಾರಿ ಮಾಡಿದ್ದೂ ಇಂಥದೇ ಒಂದು ಎರಡನೆಯ ಭಾಗ. 1982ರ ‘ಸ್ಟಾರ್ ಟ್ರೆಕ್: ದ ರಾತ್ ಆಫ್ ಖಾನ್’ ಚಿತ್ರದ ಕ್ಯಾಸೆಟ್‌ಗೆ ಪ್ಯಾರಮೌಂಟ್ ಸಂಸ್ಥೆ 39.95 ಡಾಲರ್ ಬೆಲೆಯಿಟ್ಟಿತು. ಆಗ ಕ್ಯಾಸೆಟ್ಟಿನ ವಾಡಿಕೆಯ ಬೆಲೆ ಅದರ ಎರಡರಷ್ಟು. ಬಾಡಿಗೆಗೆ ತಂದು ನೋಡುವ ಸಿನಿಮಾವನ್ನು ಪುಸ್ತಕದಂತೆ ಕೊಂಡು ಕಪಾಟಿನಲ್ಲಿಡಬಹುದು ಎಂಬುದು ಜನಕ್ಕೆ ಆಗ ರುಚಿಸಿತು. ಕೊಂಡದ್ದನ್ನು ಮತ್ತೆ ಮತ್ತೆ ನೋಡುವವನಿಗೆ ತಾನೇ ಪಾಠಾಂತರದ ಚಿಂತೆ!

2024ರ ಡಿಸ್ಕಿನ ತಕರಾರು ಬೇರೆ ಜಾತಿಯದು. ‘ಏಲಿಯನ್ಸ್’ ಎಂಬತ್ತರ ದಶಕದ ಫಿಲಂನಲ್ಲಿ, ಬಹುಪಾಲು ಅರೆಗತ್ತಲಲ್ಲಿ ತೆಗೆದ ಚಿತ್ರ. ಬಿಂಬದ ತುಂಬ ಕಣಗಳು, ಅಂದರೆ ಗ್ರೇನ್, ಎದ್ದು ಕಾಣುತ್ತಿದ್ದವು. ನ್ಯೂಜಿಲೆಂಡಿನ ಪಾರ್ಕ್ ರೋಡ್ ಪೋಸ್ಟ್ ಎಂಬ ಸಂಸ್ಥೆ ಯಂತ್ರಕಲಿಕೆಯ ತಂತ್ರಾಂಶದಿಂದ ಆ ಕಣಗಳನ್ನು ತೊಳೆದು, ಗೆರೆಗಳನ್ನು ಹರಿತಗೊಳಿಸಿತು. ಕೆಲವು ಕಡೆ ಬಿಂಬ ನಿಜಕ್ಕೂ ಬೆರಗು ಹುಟ್ಟಿಸುವಂತಿದೆ. ಕೆಲವು ಕಡೆ ಮುಖಗಳು ಮೇಣ ಬಳಿದಂತಿವೆ. ಮಾಡಿಸಿದವರು ಸ್ವತಃ ಕ್ಯಾಮರೂನ್, ಆಕ್ಷೇಪಿಸಿದವರಿಗೆ ಅವರು ಸೊಪ್ಪು ಹಾಕಲಿಲ್ಲ.

ಕರ್ತೃವೇ ತಿದ್ದಿದರೆ ನಮ್ಮದೇನು ತಕರಾರು ಎಂಬ ಮಾತಿಗೆ ತೂಕವಿದೆ. ಆದರೆ ತಿದ್ದುವುದು ಒಂದು, ತಿದ್ದುವ ಮುಂಚಿನದನ್ನು ಇಲ್ಲವಾಗಿಸುವುದು ಇನ್ನೊಂದು. ಸೇರಿಸಿದ ದೃಶ್ಯವನ್ನು ನಾವು ಗುರುತಿಸಬಲ್ಲೆವು, ಬೇಡವೆಂದರೆ ಬಿಡಬಲ್ಲೆವು. ತೊಳೆದುಹೋದ ಕಣವನ್ನು ಗುರುತಿಸುವುದು ಹೇಗೆ? ಈ ಡಿಸ್ಕಿನಲ್ಲಿ 137 ಮತ್ತು 154 ನಿಮಿಷದ ಎರಡೂ ಪಾಠಗಳಿವೆ, ಮೆಚ್ಚಬೇಕು. ಎರಡನ್ನೂ ತೊಳೆದಿದ್ದಾರೆ ಎಂಬುದೇ ಕೊರತೆ. ಜಾರ್ಜ್ ಲ್ಯೂಕಸ್ ಈ ದಾರಿಯಲ್ಲಿ ಇನ್ನೂ ದೂರ ಹೋದವರು. 1980ರ ‘ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಚಕ್ರವರ್ತಿಯ ಮುಖವನ್ನೇ 2004ರ ಡಿವಿಡಿಗಾಗಿ ಬದಲಾಯಿಸಿದರು. ಮೂಲ ರೂಪ 2006ರಲ್ಲಿ ಜೊತೆಯ ಡಿಸ್ಕ್ ಆಗಿ ಬಂತು, ಅದೂ ಮಂಕು ಗುಣಮಟ್ಟದಲ್ಲಿ. ಯಾವ ಗ್ರಂಥಸಂಪಾದಕನೂ ಮೂಲಪ್ರತಿಯನ್ನು ಹಿತ್ತಲಿನಲ್ಲಿ ಕೂರಿಸುವುದಿಲ್ಲ.

ಹೊಸದಾಗಿ ನೋಡುವ ಓದುಗರಿಗೆ ನನ್ನ ಸಲಹೆ ಇಷ್ಟೆ. ಮೊದಲು 137 ನಿಮಿಷದ ‘ಏಲಿಯನ್ಸ್’ ನೋಡಿ, ಸ್ವಲ್ಪ ದಿನ ಬಿಟ್ಟು 154 ನಿಮಿಷದ್ದನ್ನು ನೋಡಿ. ಮನೆಯಲ್ಲಿ ಹಳೆಯ ಡಿವಿಡಿ ಇದ್ದರೆ 4ಕೆ ಬಂತೆಂದು ಗುಜರಿಗೆ ಹಾಕಬೇಡಿ. ಕಣಗಳು ಉಳಿದಿರುವುದು ಅದರಲ್ಲೇ.